ಜೂನ್ ಒಂದರ ಮೇಷ್ಟ್ರು

ನಮ್ಮ ಹೆಡ್‌ಮೇಷ್ಟ್ರು ಪೆನ್ನನ್ನು ಬೀಡಿ ಹಿಡಿದಂತೆ ತೋರುಬೆರಳು, ನಡುಬೆರಳುಗಳ ಸಂದಿಯಲ್ಲಿ ಹಿಡಿಯುತ್ತಿದ್ದರು. ಚಿಕ್ಕಂದಿನಲ್ಲಿ ಗಾಡಿಯ ನೊಗಕ್ಕೆ ಸಿಕ್ಕಿ ಬಲಗೈ ಹೆಬ್ಬೆರಳು ಒಳಕ್ಕೆ ಮಡಚಿಕೊಂಡು, ಮತ್ತೆ ನೆಟ್ಟಗಾಗಿರಲಿಲ್ಲ. ಅಕ್ಷರ ಮಾತ್ರ ಸಿಪ್ಪೆ ಬಿಡಿಸಿ ಹರಡಿದ ಕಡಲೆಕಾಯಿ ಬೀಜದ ಹಾಗೆ, ಒಂದೊಂದೂ ಬಿಡಿಬಿಡಿ, ದುಂಡಗೆ. ಐ.ಡಿ.ಹಳ್ಳಿ ಕಡೆಯ ನಮ್ಮ ಸಣ್ಣ ಊರಿನಲ್ಲಿ ಆ ಬೆರಳ ಸಂದಿಯಿಂದ ಹೊರಬರದೆ ಯಾರಿಗೂ ಹುಟ್ಟಿದ ದಿನ ಎಂಬುದು ಇರಲಿಲ್ಲ.

ಈಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಹೆರಿಗೆಗಳೆಲ್ಲ ಮನೆಯಲ್ಲೇ. ಜನನ ಪತ್ರ ಎಂಬ ಕಾಗದವನ್ನು ನಾವು ಕಂಡಿರಲಿಲ್ಲ. ಶಾಲೆ ಶುರುವಾಗುವ ದಿನ ಅವ್ವಂದಿರು ಮಕ್ಕಳನ್ನು ಎಳೆದುಕೊಂಡು ಬಂದು ಮೇಷ್ಟ್ರ ಮುಂದೆ ನಿಲ್ಲಿಸುತ್ತಿದ್ದರು. ಅವರು ಮಗುವಿನ ಬಲಗೈ ಹಿಡಿದು, ತಲೆಯ ಮೇಲಿಂದ ಬಳಸಿ, ಎಡಗಿವಿಗೆ ಮುಟ್ಟಿಸುತ್ತಿದ್ದರು. ಬೆರಳು ಕಿವಿಗೆ ತಾಕಿತೋ, ಆರು ತುಂಬಿತು ಅಂತ ಲೆಕ್ಕ.

"ಯಾವಾಗ ಹುಟ್ಟಿದ್ದಮ್ಮ ಇದು?"

"ಕೆರೆ ಕೋಡಿ ಬಿದ್ದ ವರ್ಷ ಸಾ. ಅವರೆಕಾಯಿ ಕಾಲ."

ಮೇಷ್ಟ್ರು ತಲೆಯಾಡಿಸಿ ಜೂನ್ ಒಂದು ಎಂದು ಬರೆಯುತ್ತಿದ್ದರು. ಕೆರೆ ಕೋಡಿ ಯಾವಾಗಲೇ ಬೀಳಲಿ, ಅವರೆಕಾಯಿ ಯಾವಾಗಲೇ ಬರಲಿ, ಊರಿನ ಮಕ್ಕಳೆಲ್ಲ ಜೂನ್ ಒಂದಕ್ಕೇ ಹುಟ್ಟುತ್ತಿದ್ದೆವು. ಕುರಿ ಕಾದು, ತಮ್ಮ ತಂಗಿಯರನ್ನು ಎತ್ತಿ ಆಡಿಸಿ, ಒಂಬತ್ತು ತುಂಬಿದ ಮೇಲೆ ಶಾಲೆಗೆ ಬಂದವರೂ ಇದ್ದರು. ಅವರನ್ನೂ ಆರು ಎಂದೇ ಬರೆದುಬಿಡುವರು. ಯಾವ ತಾಯಿಯಾದರೂ, "ಜಾಸ್ತಿ ಆಗೈತೆ ಸಾ ಇವ್ನಿಗೆ" ಎಂದರೆ, "ಇರ್ಲಿ ಬುಡಮ್ಮ. ನಾಳೆ ಗೌರ್ಮೆಂಟ್ ಕೆಲ್ಸ ಸಿಕ್ರೆ ಮೂರು ವರ್ಷ ಹೆಚ್ಚಿಗೆ ಉಣ್ತಾನೆ. ವಯಸ್ಸು ಮೂಳೆಗೆ ಗೊತ್ತಿರ್ತದೆ, ಕಾಗದಕ್ಕೇನು ಗೊತ್ತು" ಎನ್ನುವರು.

ಅದು ಅವರ ಪ್ರೀತಿಯ ರೀತಿ. ಬೇರೆಯವರು ಮಕ್ಕಳಿಗೆ ಪೆಪ್ಪರಮೆಂಟು ಕೊಟ್ಟಂತೆ ಇವರು ವರ್ಷ ಕೊಡುತ್ತಿದ್ದರು. ನನಗೂ ಮೂರು ಕೊಟ್ಟಿದ್ದಾರೆ. ಹೋಬಳಿಯ ನಾಡಕಚೇರಿಯಲ್ಲಿ ನಾನು ಗುಮಾಸ್ತ. ನನ್ನ ಜೊತೆ ಗೋಲಿ ಆಡಿದ ಪಕ್ಕದೂರಿನವರೆಲ್ಲ ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ; ನಾನಿನ್ನೂ ಬೆಳಿಗ್ಗೆ ಹಾಜರಿ ಹಾಕುತ್ತಿದ್ದೇನೆ.

ಹೀಗೆ ಕೊಟ್ಟ ವರ್ಷವೇ ಒಬ್ಬಳಿಗೆ ಉರುಳಾಗುತ್ತದೆ ಎಂದು ಆ ಪುಣ್ಯಾತ್ಮ ಕನಸಿನಲ್ಲೂ ಎಣಿಸಿರಲಿಲ್ಲ.

ಕಂಬಳಿ ನೇಯುವವರ ಮನೆಯ ಹೆಣ್ಣುಮಗಳು. ಏಳನೇ ತರಗತಿಯವರೆಗೆ ಓದಿದವಳು. ಗಂಡ ಬಿಟ್ಟುಹೋದ ಮೇಲೆ ಮಗಳನ್ನು ಕಟ್ಟಿಕೊಂಡು ತವರಿನಲ್ಲಿದ್ದಳು. ನಾಗಲಮಡಿಕೆ ಕಡೆಯ ಅವಳ ಚಿಕ್ಕಮ್ಮ ಕುವೈತಿನಲ್ಲಿ ಹನ್ನೆರಡು ವರ್ಷದಿಂದ ಒಂದೇ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದಳು. ಒಳ್ಳೆಯ ಮನೆ. ರಜಕ್ಕೆ ಕಳಿಸುತ್ತಿದ್ದರು, ಪಾಸ್‌ಪೋರ್ಟು ಅವಳ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಆ ಮನೆಗೆ ಇನ್ನೊಬ್ಬಳು ಬೇಕಾಗಿತ್ತು. "ಪಿಲ್ಲನಿ ಪಂಪಿಂಚಕ್ಕಾ, ಹುಡ್ಗೀನ ಕಳ್ಸು, ನನ್ನ ಕಣ್ಣ ಮುಂದೇನೇ ಇರ್ತಾಳೆ" ಎಂದು ಚಿಕ್ಕಮ್ಮ ಅಕ್ಕನಿಗೆ ಫೋನು ಮಾಡಿದಳು. ಒಪ್ಪಂದದ ಕಾಗದವೂ ಬಂತು.

ಹತ್ತನೇ ತರಗತಿ ಪಾಸಾಗದ ಹೆಂಗಸು ಕುವೈತಿನಂಥ ದೇಶಗಳಿಗೆ ಮನೆಗೆಲಸಕ್ಕೆ ಹೋಗಬೇಕಾದರೆ ನಮ್ಮ ಸರ್ಕಾರದ ಅನುಮತಿ ಬೇಕು. ಮೂವತ್ತು ತುಂಬದಿದ್ದರೆ ಅನುಮತಿಯಿಲ್ಲ. ಒಳ್ಳೆಯದಕ್ಕೇ ಮಾಡಿದ ನಿಯಮ. ಚಿಕ್ಕ ಹುಡುಗಿಯರು ಹೋಗಿ ಹಾಳಾಗಬಾರದೆಂದು. ಇವಳಿಗೆ ಆಗಲೇ ಮೂವತ್ತೊಂದು. ಮೇಷ್ಟ್ರ ದಾಖಲೆಯಲ್ಲಿ ಇಪ್ಪತ್ತೆಂಟು. ಆಧಾರಿನಲ್ಲೂ ಅದೇ, ಪಾಸ್‌ಪೋರ್ಟಿನಲ್ಲೂ ಅದೇ.

ಅವಳು ಬಂದು ಜಗಲಿಯ ಕೆಳಗೆ ನಿಂತು ವಿಷಯ ಹೇಳಿದಾಗ ಮೇಷ್ಟ್ರು ರಿಟೈರಾಗಿ ಬಹಳ ವರ್ಷ ಆಗಿತ್ತು. ಕೇಳಿದವರೇ ಎದ್ದು ಶಾಲೆಗೆ ಹೋಗಿ, ಹಳೇ ರಿಜಿಸ್ಟರು ತೆಗೆಸಿ, ತಮ್ಮದೇ ಅಕ್ಷರವನ್ನು ಬಹಳ ಹೊತ್ತು ನೋಡಿದರಂತೆ. ತಿದ್ದಬೇಕಾದರೆ ಮಧುಗಿರಿ ಕೋರ್ಟಿನ ಆದೇಶ ಬೇಕು, ಬರೆದವರೇ ಬಂದು ತಪ್ಪು ಬರೆದೆನೆಂದು ಹೇಳಬೇಕು ಎಂದರು ಲಾಯರು. "ಹೇಳ್ತೀನಿ" ಎಂದರು ಮೇಷ್ಟ್ರು.

ಸುದ್ದಿ ಒಂದು ದಿನದಲ್ಲಿ ಹರಡಿತು. ಅವರ ಕೈಯಲ್ಲಿ ಹುಟ್ಟಿದ ಸರ್ಕಾರಿ ನೌಕರರು ನಾವು ಐದಾರು ಜನ ಭಾನುವಾರ ಅವರ ಮನೆಗೆ ಹೋದೆವು. ಬಸ್ಸಿನ ಕಂಡಕ್ಟರ್ ಒಬ್ಬನಿದ್ದ, ಮಾತಿನ ಮಲ್ಲ. ಅವನೇ ಬಾಯಿ ತೆಗೆದ.

"ಸಾ, ನೀವು ಕೋರ್ಟಲ್ಲಿ ಒಂದು ಸುಳ್ಳು ಅಂದ್ಬುಟ್ರೆ ಎಲ್ಲಾವೂ ಸುಳ್ಳು ಅಂತಾರೆ. ಯಾರಾದ್ರೂ ಅರ್ಜಿ ಹಾಕಿದ್ರೆ ನಮ್ಮ ಗತಿ?"

"ಎಲ್ಲಾವೂ ಸುಳ್ಳೇ ಕಣ್ಲಾ. ನೀನು ಹುಟ್ಟಿದಾಗ ನಿಮ್ಮವ್ವ ರಾಗಿ ಕೊಯ್ತಾ ಇದ್ಲು. ಜೂನಲ್ಲಿ ಯಾರ್ಲಾ ರಾಗಿ ಕೊಯ್ತಾರೆ?"

ಯಾರಿಗೂ ನಗು ಬರಲಿಲ್ಲ. ಕಂಡಕ್ಟರ್ ಬಿಡಲಿಲ್ಲ. "ಇನ್ನೆರಡು ವರ್ಷ ಕಳೆದ್ರೆ ಕಾಗದದಾಗೂ ಮೂವತ್ತಾಯ್ತದೆ. ಕಾಯ್ಲಿ ಸಾ."

"ಆ ಮನೆಯೋರು ಕಾಯ್ತಾರೇನ್ಲಾ?" ಎಂದು ಮೇಷ್ಟ್ರು ನನ್ನ ಕಡೆ ತಿರುಗಿದರು. "ನೀನೇನ್ಲಾ ಅಂತೀಯ, ಗುಮಾಸ್ತ?"

ನಾನು ನೆಲದ ಮೇಲಿನ ಚಾಪೆಯ ಅಂಚನ್ನೇ ನೋಡುತ್ತಿದ್ದೆ. ಹೋಗಿ ಹೇಳಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವರು ಒಳಗೆ ತಿರುಗಿ "ಇವ್ರಿಗೆ ಕಾಫಿ ಕೊಡ್ರಮ್ಮ" ಎಂದು ಸೊಸೆಗೆ ಹೇಳಿದರು.

ಆಮೇಲೆ ಶುರುವಾಯಿತು ಕೋರ್ಟಿನ ಓಡಾಟ. ಮೊದಲ ಸಲ ಹೋದಾಗ ವಕೀಲರು ಬರಲಿಲ್ಲ. ಎರಡನೇ ಸಲ ಸಾಹೇಬರು ರಜ. ಮೂರನೇ ಸಲ ಶಾಲೆಯಿಂದ ರಿಜಿಸ್ಟರು ಬರಲಿಲ್ಲ. ಮೇಷ್ಟ್ರು ಏಳು ಗಂಟೆ ಬಸ್ಸಿಗೆ ಹೊರಟು, ಕೋರ್ಟಿನ ಬೇವಿನ ಮರದ ಕೆಳಗೆ ಕೂತು, ಡಬ್ಬಿಯಲ್ಲಿ ತಂದ ಅವಲಕ್ಕಿ ತಿಂದು, ಬೆಟ್ಟದ ನೆರಳು ಊರ ಮೇಲೆ ಬರುವ ಹೊತ್ತಿಗೆ ಎದ್ದು ಬರುತ್ತಿದ್ದರು. ಅವಳೂ ಅವ್ವನೂ ಜೊತೆಗೆ. "ಪಾಠ ಮಾಡ್ದಾಗ ಇಷ್ಟು ಸುಸ್ತಾಗ್ತಿರ್ನಿಲ್ಲ ಕಣಮ್ಮ, ಕೂತು ಕೂತು ಸುಸ್ತಾಯ್ತು" ಎಂದು ಅವಳ ಮುಂದೆ ನಗುತ್ತಿದ್ದರಂತೆ.

ಆರನೆಯ ಸಲ ಮೇಷ್ಟ್ರನ್ನು ಸಾಕ್ಷಿಯ ಕಟಕಟೆ ಹತ್ತಿಸಿದರು. ಆ ದಿನ ಕಚೇರಿ ಕೆಲಸದ ನೆಪದಲ್ಲಿ ನಾನೂ ಹೋಗಿ ಹಿಂದೆ ನಿಂತಿದ್ದೆ.

"ಯಾವ ಆಧಾರದ ಮೇಲೆ ಮೂರು ವರ್ಷ ಕಡಿಮೆ ಬರೆದಿರಿ?" ಎಂದು ನ್ಯಾಯಾಧೀಶರು ಕೇಳಿದರು.

"ಆಧಾರ ಏನೂ ಇಲ್ಲ ಸ್ವಾಮಿ. ಮಗೂಗೆ ಒಳ್ಳೇದಾಗ್ಲಿ ಅಂತ."

ನ್ಯಾಯಾಧೀಶರು ಬರೆಸಿಕೊಳ್ಳುವವನ ಕಡೆ ನೋಡಿದರು. ಅವನು ಇದನ್ನು ಹೇಗೆ ಬರೆಯುವುದೆಂದು ತಿಳಿಯದೆ ಅವರ ಕಡೆ ನೋಡಿದ.

ಆದೇಶ ಅವಳ ಪರವಾಗಿಯೇ ಬಂತು. ಬರುವ ಹೊತ್ತಿಗೆ ಚಿಕ್ಕಮ್ಮನ ಮನೆಯವರು ಬೇರೊಬ್ಬ ಹೆಂಗಸನ್ನು ಇಟ್ಟುಕೊಂಡಿದ್ದರು. ಇವಳೂ ಊರಲ್ಲಿರಲಿಲ್ಲ. ಗಡಿಯಾಚೆ ಆಂಧ್ರದ ಏಜೆಂಟನೊಬ್ಬ, "ವಯಸ್ಸು ಗಿಯಸ್ಸು ಏನೂ ಬೇಡ, ವಿಸಿಟ್ ವೀಸಾ ಮೇಲೆ ಹೋಗು, ಅಲ್ಲಿಗೆ ಹೋದ್ಮೇಲೆ ಅವ್ರೇ ಬದ್ಲಾಯಿಸ್ತಾರೆ" ಎಂದಿದ್ದ. ಮುಂಬಾಗಿಲು ಹಾಕಿದ್ದವರಿಗೆ ಹಿತ್ತಿಲ ಬಾಗಿಲು ತೋರಿಸುವುದೇ ಇಂಥವರ ಕಸುಬು. ಮಗಳನ್ನು ಅವ್ವನಿಗೆ ಒಪ್ಪಿಸಿ ಅವಳು ವಿಮಾನ ಹತ್ತಿದ್ದಳು. ಮೇಷ್ಟ್ರು ಆದೇಶದಂತೆ ಶಾಲೆಯ ರಿಜಿಸ್ಟರನ್ನು ತಿದ್ದಿಸಿದರು. "ಇವತ್ತಲ್ಲ ನಾಳೆ ಬೇಕಾಗ್ತದೆ" ಎಂದರು.

ಕುವೈತಿನಲ್ಲಿ ಅವಳು ಸೇರಿದ್ದು ಯಾವ ಮನೆಯೋ, ಚಿಕ್ಕಮ್ಮನಿಗೂ ತಿಳಿಯಲಿಲ್ಲ. ಮೊದಲ ದಿನವೇ ಪಾಸ್‌ಪೋರ್ಟು ತೆಗೆದುಕೊಂಡರು, ವಾರದೊಳಗೆ ಫೋನೂ ಹೋಯಿತು. ಯಜಮಾನನ ಮನೆ, ಅವನ ತಂಗಿಯರಿಬ್ಬರ ಮನೆ, ಮೂರಕ್ಕೂ ಇವಳೊಬ್ಬಳೇ. ಸರ್ಕಾರದ ಲೆಕ್ಕದಲ್ಲಿ ಅವಳು ಕೆಲಸಕ್ಕೆ ಹೋದವಳೇ ಅಲ್ಲ, ಊರು ನೋಡಲು ಹೋದವಳು. ಹಾಗಾಗಿ ದೂರು ಕೊಡಲೂ ಕಾಗದವಿರಲಿಲ್ಲ. ಒಂದೂವರೆ ವರ್ಷ ಸುದ್ದಿಯಿಲ್ಲ. ಮೇಷ್ಟ್ರು ಎಲ್ಲರಿಗೂ ಬರೆದರು. ದೆಹಲಿಗೆ, ಬೆಂಗಳೂರಿಗೆ, ರಾಯಭಾರ ಕಚೇರಿಗೆ. ಬಗ್ಗಿದ ಹೆಬ್ಬೆರಳಿನಿಂದ ಮಡಿಕೆಯನ್ನು ಒತ್ತಿ ಲಕೋಟೆಗೆ ಹಾಕುವರು. ಉತ್ತರವಾಗಿ ಬರುತ್ತಿದ್ದುದು ತಲುಪಿದೆ ಎಂಬ ಒಂದು ಸಾಲು.

ಕೊನೆಗೆ ಅವಳು ತಪ್ಪಿಸಿಕೊಂಡು ರಾಯಭಾರ ಕಚೇರಿಯ ಆಶ್ರಯಕ್ಕೆ ಹೋಗಿ ಬಿದ್ದಳು. ಆ ದೇಶದವರು, ಕಾಗದವಿಲ್ಲದವರು ದಂಡವಿಲ್ಲದೆ ಹೊರಟುಹೋಗಲಿ ಎಂದು ಕೆಲವು ವಾರಗಳ ಕ್ಷಮೆ ಸಾರಿದ್ದರು. ಅಷ್ಟರೊಳಗೆ ಅವಳು ನಮ್ಮ ದೇಶದವಳೆಂದು ಊರಿನಿಂದ ದೃಢವಾಗಬೇಕು. ಆಗ ಪಾಸ್‌ಪೋರ್ಟಿಲ್ಲದೆಯೂ ಊರಿಗೆ ಮರಳಲು ಬಿಡುವ ಔಟ್‌ಪಾಸು ಸಿಗುತ್ತದೆ. ವಿಚಾರಣೆಗೆ ಒಬ್ಬ ಪೇದೆ ಊರಿಗೆ ಬಂದ. ಅವಳ ಕಡೆ ಗುರುತು ಹೇಳಲು ಮೇಷ್ಟ್ರನ್ನೇ ಕರೆದರು. ನಾನೂ ಇದ್ದೆ.

ಪೇದೆ ಎರಡು ಕಾಗದ ಹಿಡಿದು ತಲೆ ಕೆರೆದುಕೊಂಡ. "ಪಾಸ್‌ಪೋರ್ಟಲ್ಲಿ ಒಂದು ತಾರೀಕು ಐತೆ, ನಿಮ್ಮ ಶಾಲೇಲಿ ಒಂದು ಐತೆ. ಇವ್ಳು ಅವ್ಳೇ ಅಂತ ನಾನೆಂಗೆ ಬರೀಲಿ ಸಾರ್?"

"ಪಾಸ್‌ಪೋರ್ಟಲ್ಲಿರೋದೇ ಸರಿ. ಅದನ್ನೇ ಬರ್ಕಳಪ್ಪ."

"ಮತ್ತೆ ಈ ಕೋರ್ಟ್ ಆರ್ಡರು?"

"ಅದನ್ನ ನಾನು ಸುಳ್ಳು ಹೇಳಿ ಮಾಡಿಸ್ದೆ ಅಂತ ಬರ್ಕ. ಸಹಿ ಹಾಕ್ತೀನಿ."

ಪೇದೆ ಪೆನ್ನು ಕೆಳಗಿಟ್ಟ. "ಇಂಗೆಲ್ಲ ಅನ್ಬಾರ್ದು ಯಜಮಾನ್ರೇ, ನಿಮ್ಮನ್ನೇ ಒಳಗೆ ಹಾಕ್ತಾರೆ."

"ಹಾಕ್ಲಿ ಬುಡು. ನನ್ನನ್ನ ಒಳಗಾಕಿ ಅವ್ಳನ್ನ ಹೊರಗೆ ಬಿಡ್ಲಿ."

ಆಯುಷ್ಯವೆಲ್ಲ ಬರೆದದ್ದರಲ್ಲಿ ನಿಜವಾದದ್ದನ್ನು ಒಂದೇ ಒಂದು ಸಲ ಕಷ್ಟಪಟ್ಟು ಬರೆಸಿದ್ದರು. ಅದನ್ನೂ ಅಳಿಸಲು ಕೂತಿದ್ದರು. ಆ ಸಲ ನನಗೆ ಚಾಪೆ ನೋಡಿಕೊಂಡು ಕೂರಲು ಆಗಲಿಲ್ಲ. ಕಚೇರಿಗೆ ಹೋಗಿ, ಮೇಲಿನವರ ಕೈಕಾಲು ಹಿಡಿದು, ವಾಸದ ದೃಢೀಕರಣ, ಕುಟುಂಬದ ವಂಶವೃಕ್ಷ, ಎರಡು ತಾರೀಕಿನವಳೂ ಒಬ್ಬಳೇ ಎಂಬ ಪತ್ರ ಎಲ್ಲವನ್ನೂ ಸಂಜೆಯೊಳಗೆ ಮಾಡಿಸಿ ಪೇದೆಯ ಕೈಗೆ ಕೊಟ್ಟೆ. ಈ ಧೈರ್ಯವನ್ನು ಮೂರು ವರ್ಷ ಮುಂಚೆಯೇ ತೋರಿಸಬಹುದಿತ್ತು ಎಂದು ಮೇಷ್ಟ್ರು ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಕ್ಷಮೆಯ ವಾಯಿದೆ ಮುಗಿಯಲು ನಾಲ್ಕು ದಿನ ಇರುವಾಗ ಅವಳು ಬಂದಳು. ಬೆರಳಚ್ಚು ತೆಗೆದುಕೊಂಡು ಕಳಿಸಿದ್ದಾರೆ. ಆ ಕಡೆ ಮತ್ತೆ ಹೋಗುವಂತಿಲ್ಲ. ಈಗ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸಕ್ಕೆ ಹೋಗುತ್ತಾಳೆ. ಹೋಗಿಬಂದದ್ದರ ಬಗ್ಗೆ ಯಾರ ಹತ್ತಿರವೂ ಮಾತಿಲ್ಲ. ಊರಿನ ಹೆಂಗಸರು ಮಾತ್ರ ಈಗಲೂ ಅವಳನ್ನು ಹುಡುಕಿಕೊಂಡು ಹೋಗಿ ಆ ಏಜೆಂಟನ ನಂಬರು ಕೇಳುತ್ತಾರೆ. ಅವಳು ಕೊಡುವುದಿಲ್ಲ. ಅವರು ಬೇರೆ ಕಡೆ ಸಂಪಾದಿಸುತ್ತಾರೆ.

ಮೇಷ್ಟ್ರು ಹಾಸಿಗೆ ಹಿಡಿದ ಮೇಲೆ ಅವಳು ವಾರಕ್ಕೊಮ್ಮೆ ಬಂದು ಬಾಗಿಲ ಹತ್ತಿರ ಕೂತು ಹೋಗುತ್ತಿದ್ದಳು. ಒಂದು ದಿನ ನಾನಿದ್ದಾಗಲೇ ಮೇಷ್ಟ್ರು ಕೇಳಿದರು.

"ಅಲ್ಲಿ ನಿನ್ನ ವಯಸ್ಸು ಎಷ್ಟೂಂತ ಬರ್ಕಂಡಿದ್ರಮ್ಮ?"

"ಅಲ್ಲಿ ವಯಸ್ಸು ಯಾರೂ ಕೇಳ್ನಿಲ್ಲ ಸಾ. ಕೈ ನೋಡಿದ್ರು, ಅಷ್ಟೇಯ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. "ಮೂವತ್ತಾಗಿದ್ದಿದ್ರೆ ನಿಮ್ಮ ಚಿಕ್ಕಮ್ಮನ ಜೊತೆ ಇರ್ತಿದ್ದೆ" ಎಂದರು.

"ಆಗಿತ್ತಲ್ಲ ಸಾ" ಎಂದಳು ಅವಳು. ಕೋಪವಿರಲಿಲ್ಲ ಅದರಲ್ಲಿ. ದಣಿದವರು ಹೇಳುವ ಹಾಗೆ ಹೇಳಿದಳು.

ಅದಾಗಿ ಹತ್ತು ದಿನಕ್ಕೆ ಮೇಷ್ಟ್ರು ಹೋದರು. ಹೆಗಲು ಕೊಡಲು ನಾವೇ, ಅವರ ಕೈಯಿಂದ ಅನ್ನ ಕಂಡವರು, ಮುಂದೆ ನಿಂತೆವು. ನನ್ನ ಪಕ್ಕದಲ್ಲಿ ಕಂಡಕ್ಟರ್. ಹೆಂಗಸರು ಊರ ಬಾಗಿಲವರೆಗೆ ಬಂದು ನಿಂತರು. ಅಲ್ಲಿ ಇಳಿಸಿ ಹೆಗಲು ಬದಲಿಸುವಾಗ ಅವಳು ನನ್ನೆದುರಿಗೇ ಇದ್ದಳು. ಆ ಭಾನುವಾರ ನಾವು ಮೇಷ್ಟ್ರನ್ನು ತಡೆಯಲು ಹೋದದ್ದಕ್ಕೆ ಅವಳೇನಾದರೂ ಅನ್ನುತ್ತಾಳೆಂದು ಅಷ್ಟು ದಿನದಿಂದ ಕಾದಿದ್ದೆ. ಅನ್ನಲಿ ಎಂದೂ ಇತ್ತು. ಅವಳು ಚಟ್ಟದ ಬಿದಿರು ನೋಡಿ, ನನ್ನ ಕೈ ನೋಡಿ, "ಮೆತ್ತಗೆ ಇಡ್ಕಳಣ್ಣ" ಎಂದಳು.