ಅಜ್ಜಿಯ ಬಾಯಿಗೆ ನಾನಿಟ್ಟ ಪದ

ಹಸನಬ್ಬ, 'ತಿಮ್ರ' ಎಂಬ ಪದವೇ ಇಲ್ಲ. ನನ್ನ ಅಜ್ಜಿ ಅದನ್ನು ಎಂದೂ ಹೇಳಿರಲಿಲ್ಲ — ನಾನು ಹುಟ್ಟಿಸಿದ್ದು. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಎಂಬತ್ತರ ದಶಕ, ಸೌದಿಯ ರಾಸ್ ತನೂರಾ. ನೀವು ಸ್ಟೋರ್‌ಕೀಪರ್, ನಾನು ಟೈಪಿಸ್ಟ್, ಒಂದೇ ಕೋಣೆ. ಕಬ್ಬಿಣಕ್ಕೆ 'ದೆಮಿರ್' ಎನ್ನುತ್ತಿದ್ದ ತುರ್ಕಿ ವೆಲ್ಡರನ ಹಳೆಯ ಪುಸ್ತಕದಲ್ಲಿ, ಸೈಬೀರಿಯದ ಯಾಕೂತರು ಅದನ್ನೇ 'ತಿಮಿರ್' ಎನ್ನುತ್ತಾರೆಂದು ಕಂಡಿರಿ. ಅಲ್ಲಿಂದ ನಿಮಗೆ ಹುಚ್ಚು ಹಿಡಿಯಿತು. ಉಜ್ಬೆಕರ 'ತೆಮಿರ್', ಮಂಗೋಲರ 'ತೊಮೊರ್' — ಪದ ಬರೆದಿಡಲು ನೀವು ತಂದ ನೋಟ್‌ಪುಸ್ತಕ ತುಂಬುತ್ತಾ ಹೋಯಿತು. ಶುಕ್ರವಾರ ಊರಿನವರೆಲ್ಲ ಚಹಾ ಹಿಡಿದು ನಿಮ್ಮ ಸುತ್ತ ಕೂರುತ್ತಿದ್ದರು. ಎಂಟನೇ ಕ್ಲಾಸು ಓದಿದ ನೀವು ಪಂಡಿತರು; ಬಿ.ಎ. ಮಾಡಿದ ನನ್ನನ್ನು ಕೇಳುವವರಿಲ್ಲ. ಹೊಟ್ಟೆಕಿಚ್ಚು — ಬೇರೆ ಹೆಸರಿಲ್ಲ ಅದಕ್ಕೆ.

"ಜೋಕಿಂ, ನಿಮ್ಮ ಕಡೆ ಕಬ್ಬಿಣಕ್ಕೆ ಹಳೇ ಪದ ಎಂತಾದ್ರೂ ಉಂಟಾ ಮಾರಾಯ?" ಎಂದಿರಿ.

"ಉಂಟು. ನಮ್ಮ ಅಜ್ಜಿ ತಿಮ್ರ ಅಂತಿದ್ರು."

ನಿಮ್ಮ ಕಣ್ಣು ತುಂಬಿತು. ಯಾಕೂತರ ಪದ ನಮ್ಮ ಕರಾವಳಿಗೂ ಬಂದಿತ್ತೆಂದು ಲೇಖನ ಬರೆದಿರಿ. ಅದನ್ನು ದುಂಡಗಿನ ಅಕ್ಷರದಲ್ಲಿ ನಕಲು ಮಾಡಿಕೊಟ್ಟವನೂ ನಾನೇ. ಆಗಲಾದರೂ ಹೇಳಬಹುದಿತ್ತು — ಹೇಳಲಿಲ್ಲ.

ದಮ್ಮಾಮಿನಲ್ಲಿ ಊರವರ ಕೂಟ. ನೀವು ಲೇಖನ ಓದಿ ಮುಗಿಸಿದಿರಿ. ಅತಿಥಿಯಾಗಿ ಬಂದಿದ್ದ ಕಾಲೇಜು ಮೇಷ್ಟ್ರು, "ನಾನೂ ಕರಾವಳಿಯವನೇ, ತಿಮ್ರ ಅಂತ ಕೇಳಿಯೇ ಇಲ್ಲ. ಇದು ಯಾರು ಹೇಳಿದ್ದು ನಿಮಗೆ?" ಎಂದರು. ನೀವು ನನ್ನತ್ತ ತಿರುಗಿದಿರಿ. ನೀವು ಬಾಯಿ ತೆರೆಯುವ ಮೊದಲೇ, ಬಿರಿಯಾನಿ ತಟ್ಟೆ ನೋಡುತ್ತಾ ನಾನೆಂದೆ —

"ನಂಗೆ ಗೊತ್ತಿಲ್ಲಪ್ಪ."

ಎಲ್ಲರೂ ನಕ್ಕರು. ಥೂ, ನಾನೂ ನಕ್ಕೆ.

ನೀವು ನನ್ನ ಹೆಸರೆತ್ತಲಿಲ್ಲ. "ನಾನೇ ಸೇರಿಸಿದ್ದು, ತಪ್ಪಾಯ್ತು" ಎಂದು ಕೂತುಬಿಟ್ಟಿರಿ. ನನ್ನ ಒಂದು ಸುಳ್ಳಿನ ಜೊತೆ ನಿಮ್ಮ ಅಷ್ಟೂ ನಿಜವಾದ ಪದಗಳು ಹೋದವು. ಮರುದಿನ ಪುಸ್ತಕವನ್ನು ಕಸದ ಡಬ್ಬಿಗೆ ಹಾಕಿದಿರಿ. ಮತ್ತೆ ಯಾರನ್ನೂ ಒಂದು ಪದ ಕೇಳಲಿಲ್ಲ. ನನ್ನ ಪಾಲಿನ ಚಹಾ ಮಾತ್ರ ದಿನವೂ ಮಾಡಿಟ್ಟಿರಿ; ನಾನು ನಾಚಿಕೆಯಿಲ್ಲದೆ ಕುಡಿದೆ.

ಆ ಪುಸ್ತಕವನ್ನು ಡಬ್ಬಿಯಿಂದ ಎತ್ತಿಕೊಂಡವನು ನಾನು. ಇಷ್ಟು ವರ್ಷ ಬಚ್ಚಿಟ್ಟಿದ್ದೆ. ಕೊನೆಯ ಪುಟದಲ್ಲಿ 'ತಿಮ್ರ'ದ ಮುಂದೆ ನಿಮ್ಮ ಅಕ್ಷರ — 'ಜೋಕಿಂ ಹೇಳಿದ್ದು. ನಂಬಬಹುದು.'

'ನಂಬಬಹುದು' ಎಂಬುದನ್ನು ಹೊಡೆದುಹಾಕಿದ್ದೇನೆ. ಪುಸ್ತಕ ನಿಮ್ಮ ಮನೆಗೆ ಬರುತ್ತದೆ. ಅಂದು ನಕ್ಕವರು ಈಗಲೂ ಮಂಗಳೂರಿನಲ್ಲಿ ಕೂಡುತ್ತಾರೆ. ಈ ಕಾಗದವನ್ನು ಅವರೆದುರು ನಿಂತು ಓದುತ್ತೇನೆ, ನನ್ನ ಹೆಸರು ಹೇಳಿ.