ಟುರಿನ್‌ನ ಜಿಯಾ ಹೌಗಾಂಗ್‌ಗೆ ಬಂದಾಗ

ಸಿಂಗಾಪುರಕ್ಕೆ ಬರುತ್ತೇನೆಂದು ಜಿಯಾ ಫೋನ್ ಮಾಡಿದಾಗ ಅಮ್ಮ ನನ್ನ ಹೌಗಾಂಗ್ ಮನೆಯ ಅಡುಗೆಮನೆಯಲ್ಲಿ ಹುಣಸೆಹಣ್ಣು ಕಿವುಚುತ್ತಿದ್ದಳು. ಮೈಸೂರಿನಿಂದ ಅವಳು ನನ್ನ ಮನೆಗೆ ಬಂದದ್ದು ಅದೇ ಮೊದಲು. ಮಗನಾಗಿ ಊರು ಬಿಟ್ಟ ನಾನು ಮಗಳಾಗಿದ್ದೇನೆ ಎಂಬುದನ್ನು ಒಪ್ಪಿಕೊಳ್ಳಲು ಅವಳಿಗೆ ಕೆಲವು ವರ್ಷ ಹಿಡಿಯಿತು. ಆ ವರ್ಷಗಳಲ್ಲಿ ಹಬ್ಬಕ್ಕೊಂದು ಮೆಸೇಜು ಬಿಟ್ಟರೆ ನಮ್ಮ ನಡುವೆ ಮಾತಿರಲಿಲ್ಲ. ಒಂದು ಬೆಳಿಗ್ಗೆ ತಾನಾಗಿಯೇ ಫೋನ್ ಮಾಡಿ, "ನಿಂಗೆ ಸೀರೆ ಉಡೋಕೆ ಬರತ್ತಾ ಪುಟ್ಟಿ?" ಎಂದಳು. ಚಿಕ್ಕಂದಿನಿಂದ ನನ್ನನ್ನು ಪುಟ್ಟ ಎನ್ನುತ್ತಿದ್ದವಳು. ಬರುವುದಿಲ್ಲ ಎಂದೆ. "ಬಂದು ಕಲಿಸ್ತೀನಿ, ಟಿಕೆಟ್ ಮಾಡ್ಸು" ಎಂದಳು. ಹಾಗೆ ಬಂದಿದ್ದಳು.

ಜಿಯಾ ಬರುವ ಸುದ್ದಿಯಿಂದ ನನಗೆ ಎಷ್ಟು ಸಂತೋಷವಾಯಿತೋ ಅಷ್ಟೇ ದಿಗಿಲೂ ಆಯಿತು. ಜಿಯಾ ಎಂದರೆ ಇಟಾಲಿಯನ್ ಭಾಷೆಯಲ್ಲಿ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲವೂ. ಎಂಎಸ್ ಓದಲು ಟುರಿನ್‌ಗೆ ಹೋದಾಗ ನಾನು ಬಾಡಿಗೆಗೆ ಹಿಡಿದ ಕೋಣೆ ಅವರ ಮನೆಯದು. ಅವರೂ ನನ್ನ ಹಾಗೆಯೇ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದವರು. ಇಟಲಿಯ ದಕ್ಷಿಣದ ಒಂದು ಸಣ್ಣ ಊರಿನಿಂದ ಹದಿನೆಂಟರಲ್ಲಿ ಮನೆ ಬಿಟ್ಟು ರೈಲು ಹತ್ತಿದ್ದರು. ಆಗ ಅಂಥವರಿಗೆ ಅಂಗಡಿಯಲ್ಲೂ ಕೆಲಸವಿಲ್ಲ, ಕಾರ್ಖಾನೆಯಲ್ಲೂ ಇಲ್ಲ. ಪ್ರಾಯವೆಲ್ಲ ಊರ ಹೊರಗಿನ ಹೆದ್ದಾರಿಯ ಬದಿಯಲ್ಲಿ ನಿಂತು, ಬಂದ ಗಂಡಸರ ಕಾರು ಹತ್ತಿ ದುಡಿದರು. ಆಮೇಲೆ ಕೂದಲಿನ ಕೆಲಸ ಕಲಿತು ಆ ರಸ್ತೆ ಬಿಟ್ಟರು. ನಾನು ನೋಡುವ ಹೊತ್ತಿಗೆ ಮನೆಯ ಅಡುಗೆಕೋಣೆಯಲ್ಲೇ ಅಕ್ಕಪಕ್ಕದ ಮನೆಯ ಹೆಂಗಸರಿಗೆಲ್ಲ ಕೂದಲು ಸೆಟ್ ಮಾಡಿಕೊಡುತ್ತಿದ್ದರು.

ನಾನು ಅಲ್ಲಿಗೆ ಹೋದ ವರ್ಷ ಇಟಲಿಯ ಟೀವಿಯಲ್ಲೆಲ್ಲ ಕುಟುಂಬದ್ದೇ ಮಾತು. ಕುಟುಂಬ ಎಂದರೆ ಯಾರು ಯಾರು, ನಮ್ಮಂಥವರು ಅದರೊಳಗೆ ಸೇರುತ್ತೇವೋ ಇಲ್ಲವೋ ಎಂದು ಕೋಟು ತೊಟ್ಟವರು ಕಿರುಚಾಡುತ್ತಿದ್ದರು. ಜಿಯಾ ಪಾಸ್ತಾಕ್ಕೆ ಚೀಸ್ ತುರಿಯುತ್ತ, "ಇವನಿಗೆ ಗಂಟಲು ನೋಯುತ್ತೆ, ಯಾರಾದರೂ ನೀರು ಕೊಡಿ" ಎನ್ನುತ್ತಿದ್ದರು. ಕೆಳಗಿನ ಮನೆಯ ವಿಧವೆ ಮಾತ್ರ ಅದನ್ನೆಲ್ಲ ಬಹಳ ಮನಸ್ಸಿಗೆ ಹಚ್ಚಿಕೊಂಡಿದ್ದಳು. ಕಟ್ಟಡದ ಬಾಗಿಲಿಗೆ ಒಂದು ಪೋಸ್ಟರ್ ಅಂಟಿಸಿದಳು: ಅಪ್ಪ, ಅಮ್ಮ, ಮಕ್ಕಳು, ಅಷ್ಟೇ ಕುಟುಂಬ. ಅಂಟಿಸಿ, ಎಂದಿನಂತೆ ಶನಿವಾರ ಕೂದಲು ಸೆಟ್ ಮಾಡಿಸಿಕೊಳ್ಳಲು ಮೇಲೆ ಬಂದಳು.

"ದೇವರು ಮಾಡಿದ್ದೇ ಹಾಗೆ" ಎಂದಳು, ತಲೆ ತುಂಬ ರೋಲರ್ ಸುತ್ತಿಸಿಕೊಂಡು.

"ಹಾಗಾದರೆ ಮೊನ್ನೆ ಕಣ್ಣಿನ ಆಪರೇಷನ್‌ಗೆ ನಿನ್ನನ್ನು ಕರೆದುಕೊಂಡು ಹೋಗಿದ್ದು ಯಾರು? ನಿನ್ನ ಮಗನಾ?" ಎಂದರು ಜಿಯಾ.

"ನೀನು."

"ನಾನು ನಿನಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ. ಮೇಲಿನ ಮನೆಯವಳು. ಕೂದಲು ಅಷ್ಟು ಎಳೀಬೇಡ."

ಪೋಸ್ಟರ್ ಇಳಿಯಲಿಲ್ಲ, ವಿಧವೆಯ ಶನಿವಾರವೂ ತಪ್ಪಲಿಲ್ಲ. ಇಬ್ಬರೂ ಜಗಳವಾಡುತ್ತಲೇ ಒಂದೇ ತಟ್ಟೆಯಿಂದ ಬಿಸ್ಕತ್ತು ತಿನ್ನುತ್ತಿದ್ದರು.

ಎರಡನೆಯ ವರ್ಷ ನಾನು ಪಾತ್ರೆ ತೊಳೆಯುತ್ತಿದ್ದ ಹೋಟೆಲು ಮುಚ್ಚಿತು. ಅಷ್ಟರಲ್ಲಿ ನಾನು ಹೆಣ್ಣುಡುಗೆಯಲ್ಲಿ ಓಡಾಡಲು ಆರಂಭಿಸಿದ್ದೆ. ಕೆಲಸ ಕೇಳಿದಲ್ಲೆಲ್ಲ ನನ್ನ ಮುಖ ನೋಡಿ, ಪಾಸ್‌ಪೋರ್ಟ್ ನೋಡಿ, ಮತ್ತೆ ಮುಖ ನೋಡಿ ಜಾಗವಿಲ್ಲ ಎನ್ನುತ್ತಿದ್ದರು. ಪರಿಚಯದ ಹುಡುಗಿಯೊಬ್ಬಳು ಹೆದ್ದಾರಿಯಲ್ಲಿ ನಿಲ್ಲುತ್ತಿದ್ದಳು, ನನ್ನ ಜೊತೆ ಬಾ ಎಂದಳು. ಹೋಗುವುದೆಂದು ಗಟ್ಟಿ ಮಾಡಿಕೊಂಡೇ ನಾನು ಜಿಯಾಗೆ ಹೇಳಿದ್ದು. ಅವರು ಬಯ್ಯಲಿಲ್ಲ.

"ಅದು ಪಾಪದ ಕೆಲಸ ಅಂತ ನಾನು ಹೇಳೋದಿಲ್ಲ. ನನಗೆ ಅನ್ನ ಹಾಕಿದ್ದು ಅದೇ. ಆದರೆ ನನಗೆ ಇದ್ದದ್ದು ಅದೊಂದೇ ಬಾಗಿಲು. ನಿನಗೆ ಇನ್ನೊಂದು ಇದೆಯಾ ಅಂತ ಮೊದಲು ನೋಡೋಣ, ತಡಿ" ಎಂದು ಕೆಳಗಿಳಿದು ಹೋದರು. ವಿಧವೆಯ ಬಾಗಿಲು ತಟ್ಟಿದ್ದು ಕೇಳಿಸಿತು. ಆಮೇಲೆ ಇಬ್ಬರ ಏರುದನಿ. ಸ್ವಲ್ಪ ಹೊತ್ತಿನ ಮೇಲೆ ವಿಧವೆಯೇ ಮೇಲೆ ಬಂದು, ತನ್ನ ಅಕ್ಕನ ಮಗನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಲು ಜನ ಬೇಕಾಗಿದ್ದಾರೆ, ಸೋಮವಾರದಿಂದ ಹೋಗು ಎಂದಳು. ಹೋಗುವಾಗ ತಿರುಗಿ, "ನನ್ನ ಅಭಿಪ್ರಾಯ ಏನೂ ಬದಲಾಗಿಲ್ಲ" ಎಂದಳು. ಓದು ಮುಗಿಯುವವರೆಗೂ ನಾನು ಟುರಿನ್‌ನ ಗಂಡಸರ ಅಂಗಿಗಳಿಗೆ ಇಸ್ತ್ರಿ ಹಾಕಿದೆ.

ಇದರಲ್ಲಿ ಯಾವುದೂ ಅಮ್ಮನಿಗೆ ಗೊತ್ತಿರಲಿಲ್ಲ. "ನಾನಿದ್ದ ಮನೆಯ ಓನರ್ ಆಂಟಿ ಬರ್ತಿದಾರೆ" ಎಂದಷ್ಟೇ ಹೇಳಿದೆ.

ಏರ್‌ಪೋರ್ಟಿನಲ್ಲಿ ಜಿಯಾ ಬಿಳಿಯ ತುಂಡುಗೂದಲು, ಕೆಂಪು ಲಿಪ್‌ಸ್ಟಿಕ್, ಕೈಯಲ್ಲೊಂದು ಕೋಲು, ಹೀಗೆ ಹೊರಗೆ ಬಂದರು. ಎಪ್ಪತ್ತು ದಾಟಿದರೂ ಎತ್ತರ ತಗ್ಗಿರಲಿಲ್ಲ. ಅಮ್ಮ ಒಮ್ಮೆ ಅವರ ಮುಖ ನೋಡಿದಳು, ಒಮ್ಮೆ ಅವರ ಅಗಲವಾದ ಕೈಗಳನ್ನು ನೋಡಿದಳು. ಟ್ಯಾಕ್ಸಿಯಲ್ಲಿ ನನ್ನ ಕಿವಿಯಲ್ಲಿ, "ಇವ್ರೂ ನಿನ್ನ ಥರಾನೇ ಅಲ್ವಾ?" ಎಂದಳು. ಹೂಂ ಎಂದೆ. "ಹೇಳ್ಬಾರ್ದಿತ್ತಾ? ನಾನೇನು ಅವ್ರನ್ನ ತಿಂದುಬಿಡ್ತೀನಾ" ಎಂದು ಕಿಟಕಿಯ ಕಡೆ ತಿರುಗಿದಳು.

ಮಾರನೆಯ ದಿನದಿಂದ ಮನೆಯಲ್ಲಿ ಕನ್ನಡ, ಇಟಾಲಿಯನ್ ಎರಡೂ ಏಕಕಾಲಕ್ಕೆ ನಡೆದವು. ನಾನು ರಜೆ ಹಾಕಿದ್ದೆ, ನಡುವೆ ನಿಂತು ಅನುವಾದಿಸುವುದೇ ನನ್ನ ಕೆಲಸ. ಅಡುಗೆಮನೆಯಲ್ಲಿ ಮಾತ್ರ ಅವರಿಗೆ ನಾನು ಬೇಕಾಗುತ್ತಿರಲಿಲ್ಲ. ಅಮ್ಮ ತೊವ್ವೆಗೆ ಒಗ್ಗರಣೆ ಹಾಕಿದರೆ ಜಿಯಾ ಬಗ್ಗಿ ಮೂಸುತ್ತಿದ್ದರು. ಜಿಯಾ ಟೊಮೆಟೊ ಸಾಸ್ ಕುದಿಸಿದರೆ ಅಮ್ಮ ರುಚಿ ನೋಡಿ, ಅವರು ಆಚೆ ತಿರುಗಿದಾಗ ಚಿಟಿಕೆ ಖಾರದಪುಡಿ ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಸೀರೆಯ ಪಾಠ ನಡೆಯಿತು. ನನ್ನ ನೆರಿಗೆಗಳು ಪದೇ ಪದೇ ಜಾರುತ್ತಿದ್ದವು. ಜಿಯಾ ಸೋಫಾದಲ್ಲಿ ಕೂತು ನೋಡುತ್ತಿದ್ದವರು ಎದ್ದು ತನಗೂ ಉಡಿಸಬೇಕೆಂದರು. ಅಮ್ಮನ ಮೈಸೂರು ಸಿಲ್ಕ್ ಅವರ ಎತ್ತರಕ್ಕೆ ಸಾಲದೆ ಕಣಕಾಲಿನ ಮೇಲೇ ನಿಂತಿತು. ಅಮ್ಮ ನೆಲದ ಮೇಲೆ ಕೂತು ನೆರಿಗೆ ಸರಿಮಾಡುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅಪ್ಪ ಹೋದ ಮೇಲೆ ನೋಡಿರಲಿಲ್ಲ.

ಲಿಟಲ್ ಇಂಡಿಯಾಕ್ಕೆ ಹೋದ ದಿನ ಅಮ್ಮ ಮೂರು ಮಾರು ಮಲ್ಲಿಗೆ ಕೊಂಡಳು. ಜಿಯಾರ ತುಂಡುಗೂದಲಿಗೆ ಹೂ ನಿಲ್ಲಲಿಲ್ಲವಾಗಿ ಅವರ ಕೈಚೀಲದ ಹಿಡಿಗೆ ಸುತ್ತಿದಳು. ಬಿಸಿಲಿಗೆ ಸುಸ್ತಾಗಿ ನಾವು ಸಾಲು ತಿಂಡಿಯಂಗಡಿಗಳ ಹಾಕರ್ ಸೆಂಟರಿನಲ್ಲಿ ಫ್ಯಾನಿನ ಕೆಳಗೆ ಚಹಾ ತೆಗೆದುಕೊಂಡು ಕೂತೆವು. ಆಗ ಅಮ್ಮ ಕೇಳಿದಳು, "ಇವ್ರು ಮುಂಚೆ ಏನು ಕೆಲಸ ಮಾಡ್ತಿದ್ರು?"

"ಹೇರ್ ಡ್ರೆಸ್ಸರ್" ಎಂದೆ.

ಆ ಮಾತು ಜಿಯಾಗೆ ಅರ್ಥವಾಯಿತು. "ಏನು ಕೇಳಿದರು?" ಎಂದರು. ಹೇಳಿದೆ. "ಅದು ಆಮೇಲಿನದು. ಅದಕ್ಕೆ ಮುಂಚಿನದನ್ನೂ ಹೇಳು."

"ಬೇಡ ಜಿಯಾ."

"ನಿನ್ನಮ್ಮ ನನಗೆ ಸೀರೆ ಉಡಿಸಿದ್ದಾರೆ. ಅವರಿಗೆ ಸುಳ್ಳು ಹೇಳೋಕೆ ನಾನು ಇಷ್ಟು ದೂರ ಬಂದಿಲ್ಲ. ಹೇಳು."

ಆ ಕೆಲಸಕ್ಕೆ ನನಗೆ ಗೊತ್ತಿದ್ದ ಕನ್ನಡದ ಒಂದು ಪದ ಬೀದಿಜಗಳದ ಬೈಗುಳ, ಇನ್ನೊಂದು ಪುರಾಣದ್ದು, ಮತ್ತೊಂದು ಪತ್ರಿಕೆಯದು. ಎದುರಿಗೆ ಕೂತು ಚಹಾ ಕುಡಿಯುತ್ತಿರುವ ಮನುಷ್ಯರ ಬಗ್ಗೆ ತಾಯಿಗೆ ಹೇಳಲು ಯಾವುದೂ ಆಗುವುದಿಲ್ಲ. ಕೊನೆಗೆ, "ರಸ್ತೇಲಿ ನಿಂತು ಗಂಡಸರ ಜೊತೆ ಹೋಗ್ತಿದ್ರು ಅಮ್ಮ. ಹೊಟ್ಟೆಪಾಡಿಗೆ. ಬೇರೆ ಯಾರೂ ಕೆಲಸ ಕೊಡ್ಲಿಲ್ಲ" ಎಂದೆ.

ಅಮ್ಮ ಲೋಟ ಕೆಳಗಿಟ್ಟಳು. ನನ್ನನ್ನೇ ನೋಡಿದಳು. "ನೀನು?"

ಆ ಒಂದು ಪದ ಅವಳೊಳಗೆ ಎಷ್ಟು ವರ್ಷದಿಂದ ಕೂತಿತ್ತೆಂದು ಅವಳ ದನಿಯಲ್ಲೇ ತಿಳಿಯಿತು.

"ಇಲ್ಲ ಅಮ್ಮ. ಹೋಗ್ತೀನಿ ಅಂತ ಹೊರಟಿದ್ದೆ. ಇವ್ರು ತಡೆದು ಇನ್ನೊಂದು ಕೆಲಸ ಹುಡುಕಿಕೊಟ್ರು." ಲಾಂಡ್ರಿಯ ಕತೆ, ವಿಧವೆಯ ಕತೆ ಎಲ್ಲ ಹೇಳಿದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇವ್ರ ಅಮ್ಮಂಗೆ ಗೊತ್ತಿತ್ತಂತಾ, ಕೇಳು" ಎಂದಳು ಅಮ್ಮ.

ಕೇಳಿದೆ. "ಗೊತ್ತಿತ್ತು" ಎಂದರು ಜಿಯಾ. "ಅಪ್ಪ ಮನೇಲಿ ಇಲ್ಲದಾಗ ಪಕ್ಕದ ಅಂಗಡಿಯಿಂದ ಫೋನ್ ಮಾಡೋಳು. ಬೇರೇನೂ ಕೇಳ್ತಿರಲಿಲ್ಲ, ಊಟ ಆಯ್ತಾ ಅಂತ ಮಾತ್ರ."

"ನಾನು ಅದನ್ನೂ ಕೇಳ್ಲಿಲ್ಲ" ಎಂದಳು ಅಮ್ಮ ನನಗೆ. ಅದನ್ನು ನಾನು ಅನುವಾದಿಸಲಿಲ್ಲ. ಅವಳ ಕೈ ಹಿಡಿದುಕೊಂಡೆ. ಅಮ್ಮ ಮೂಗೊರೆಸಿಕೊಂಡು, "ಅಲ್ಲಿ ಹಿಮ ಬೀಳತ್ತಲ್ಲ, ನಿಂತ್ಕೊಳ್ಳೋವಾಗ ಕಾಲಿಗೆ ಏನು ಹಾಕ್ಕೋತಿದ್ರು?" ಎಂದಳು.

ಜಿಯಾ ಜೋರಾಗಿ ನಕ್ಕುಬಿಟ್ಟರು. ಇಷ್ಟು ವರ್ಷದಲ್ಲಿ ಪೊಲೀಸರು, ಪಾದ್ರಿ, ಪತ್ರಕರ್ತರು ಏನೇನೋ ಕೇಳಿದ್ದಾರೆ, ಇದನ್ನು ಮಾತ್ರ ಯಾರೂ ಕೇಳಿಲ್ಲ ಎಂದರು. ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿಕೊಳ್ಳುತ್ತಿದ್ದುದನ್ನು, ಎಲ್ಲರೂ ಸೇರಿ ಡ್ರಮ್ಮಿನಲ್ಲಿ ಬೆಂಕಿ ಹಾಕಿ ಅದರ ಮೇಲೆ ಚೆಸ್ಟ್‌ನಟ್ ಕಾಯಿ ಸುಡುತ್ತಿದ್ದುದನ್ನು ಹೇಳಿದರು. ಒಬ್ಬ ಗಿರಾಕಿ ಹೊಡೆದು ಹುಬ್ಬಿನ ಮೇಲಾದ ಗಾಯದ ಗುರುತನ್ನೂ ತೋರಿಸಿದರು. ಅಮ್ಮ ಮೇಜಿನ ಮೇಲೆ ಬಗ್ಗಿ ಆ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹೊರಡುವಾಗ ಜಿಯಾರ ಚೀಲ ತಾನೇ ಎತ್ತಿಕೊಂಡಳು.

ಆ ಭಾನುವಾರ ಬೆಂಗಳೂರಿನ ಗೆಳತಿಯೊಬ್ಬಳು ನಮ್ಮನ್ನೆಲ್ಲ ತನ್ನ ಕಾಂಡೋ ಫ್ಲ್ಯಾಟಿಗೆ ಊಟಕ್ಕೆ ಕರೆದಿದ್ದಳು. ಅವಳ ಮಾವನೂ ಊರಿಂದ ಬಂದಿದ್ದರು. ಅಂಕಲ್ ಒಳ್ಳೆಯ ಮನುಷ್ಯ, ಮಾತು ಸ್ವಲ್ಪ ಜಾಸ್ತಿ. ಇಟಲಿಯವರು ಬಂದಿದ್ದಾರೆಂದು ಗೊತ್ತಾಗಿ ಮಾತನ್ನು ಅತ್ತಲೇ ತಿರುಗಿಸಿದರು. "ಯುರೋಪ್‌ನಲ್ಲಿ ಏನಮ್ಮಾ, ಫ್ಯಾಮಿಲಿ ವ್ಯಾಲ್ಯೂಸ್ ಎಲ್ಲ ಹೊರಟೇ ಹೋಯ್ತು. ಗಂಡು ಯಾವುದು ಹೆಣ್ಣು ಯಾವುದು ಅಂತಾನೇ ಗೊತ್ತಾಗಲ್ವಂತೆ. ನಮ್ಮಲ್ಲೂ ಸ್ಟಾರ್ಟ್ ಆಗಿದೆ."

ಗೆಳತಿ ಪಲ್ಯದ ಸೌಟು ಹಿಡಿದು ಹಾಗೇ ನಿಂತುಬಿಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಇವ್ರು ನಮ್ಮ ಫ್ಯಾಮಿಲಿನೇ ಸಾರ್" ಎಂದಳು. "ನಾನು ನನ್ನ ಮಗಳ ಫೋನ್ ಎತ್ತದೇ ಇದ್ದಾಗ ಅವಳಿಗೆ ಊಟ ಹಾಕಿ ಓದಿಸಿದೋರು. ನೀವು ವ್ಯಾಲ್ಯೂಸ್ ಅಂದ್ರಲ್ಲ, ನಂಗೆ ಇವ್ರಿಂದ ಗೊತ್ತಾಗಿದ್ದು."

ಅಂಕಲ್ ಒಂದು ಕ್ಷಣ ಜಿಯಾರನ್ನು, ಆಮೇಲೆ ನನ್ನನ್ನು ನೋಡಿದರು. "ಅಲ್ಲ, ನಾನು ಜನರಲ್ ಆಗಿ ಹೇಳ್ದೆ. ಎಕ್ಸೆಪ್ಷನ್ಸ್ ಇರ್ತಾವೆ" ಎಂದು ಹೋಳಿಗೆಯ ಡಬ್ಬಿಯನ್ನು ಜಿಯಾರ ಕಡೆ ಸರಿಸಿದರು. ಅವರು ಏನು ಹೇಳಿದರೆಂದು ಜಿಯಾ ಕೇಳಿದರು. ಹೇಳಿದೆ. "ಹಾಗಾದರೆ ಶನಿವಾರ ಬಂದು ಕೂದಲು ಸೆಟ್ ಮಾಡಿಸ್ಕೊಳ್ಳೋಕೆ ಹೇಳು" ಎಂದರು. ಅಂಕಲ್‌ಗೆ ಅದನ್ನು, "ಹೋಳಿಗೆ ಚೆನ್ನಾಗಿದೆಯಂತೆ" ಎಂದು ಅನುವಾದಿಸಿದೆ. ಅವರು ಬಹಳ ಸಂತೋಷಪಟ್ಟು ಇನ್ನೊಂದು ಬಡಿಸಿದರು.

ಜಿಯಾ ಹೊರಟ ದಿನ ಇಬ್ಬರೂ ಅಳಲಿಲ್ಲ. ಅಮ್ಮ ಚಟ್ನಿಪುಡಿಯ ಪೊಟ್ಟಣ ಕೊಟ್ಟು, ಮೈಸೂರಿಗೆ ಬನ್ನಿ, ಏಪ್ರಿಲ್ ಮೇ ಮಾತ್ರ ಬೇಡ ಎಂದು ಹೇಳಿಸಿದಳು. ಎಂಆರ್‌ಟಿ ರೈಲಿನಲ್ಲಿ ವಾಪಸು ಬರುವಾಗ, "ನಾನು ಇನ್ನೊಂದು ತಿಂಗಳು ಇರ್ಲಾ?" ಎಂದು ಕೇಳಿದಳು. ಅಂದೇ ಅವಳ ಟಿಕೆಟ್ ಮುಂದೂಡಿದೆ.

ರಜೆ ಮುಗಿದು ನಾನು ಮತ್ತೆ ಕೆಲಸಕ್ಕೆ ಹೊರಟೆ. ಬೆಳಿಗ್ಗೆ ಜುರಾಂಗ್ ದ್ವೀಪದ ಕಾರ್ಖಾನೆಗೆ ಹೋಗುವ ಕಂಪನಿ ಬಸ್ಸಿಗೆ ಹೊರಟಾಗ ಅಮ್ಮ ಕಟ್ಟಡದ ಬುಡದ ತೆರೆದ ಜಾಗ, ವಾಯ್ಡ್ ಡೆಕ್‌ವರೆಗೆ ಬರುತ್ತಿದ್ದಳು. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂರುವ ಚೀನೀ ಆಂಟಿಯೊಬ್ಬರ ಜೊತೆ ಅವಳಿಗೆ ಗೆಳೆತನವಾಗಿತ್ತು. ಒಂದು ದಿನ ನಾನು ಲಿಫ್ಟಿನಿಂದ ಹೊರಗೆ ಬರುವಷ್ಟರಲ್ಲಿ ಅಮ್ಮ ನನ್ನ ಕಡೆ ಕೈ ತೋರಿಸುತ್ತಿದ್ದಳು.

"ಮೈ ಡಾಟರ್. ಇಂಜಿನಿಯರ್. ಜುರಾಂಗ್ ಐಲ್ಯಾಂಡ್."

ಆಂಟಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ವಾ, ಸೋ ಟಾಲ್ ಆ!" ಎಂದರು.

"ಫಾದರ್ ಸೈಡ್" ಎಂದಳು ಅಮ್ಮ. "ಆಲ್ ಟಾಲ್." ಆಮೇಲೆ ನನ್ನ ಕಡೆ ತಿರುಗಿ, ಬಸ್ಸು ಬಂತು, ಓಡು ಎಂದಳು.