ಕಾರ್ಮಿನ್ ಬಾಯಿಯ ಸಿಟ್ಟಿನ ದಾನ

ಕಾರ್ಮಿನ್ ಬಾಯಿ ಬೈಯುತ್ತ ಬಂದರೆಂದರೆ ಅವರ ಕೈಯಲ್ಲಿ ಮೀನು ಸಾರಿನ ಪಾತ್ರೆ ಇದೆಯೆಂದೇ ಅರ್ಥ. ನಾನು ತಟ್ಟೆ ಹಾಕಲು ಒಳಗೆ ಓಡುತ್ತಿದ್ದೆ.

ಕುಂದಾಪುರದಲ್ಲಿ ನಮ್ಮ ಬೇಲಿಯಾಚೆಯ ಮನೆ ಅವರದು. ಈಸ್ಟರಿಗೆ ಮುಂಚೆ ಉಪವಾಸ, ದಾನ ಮಾಡುವ ತಪಸ್ಸುಕಾಲದಲ್ಲಿ ಅವರು ಮೀನು ಮುಟ್ಟುತ್ತಿರಲಿಲ್ಲ. ಆದರೆ ಕಾಣೆ ಮೀನು ತಂದು, ಕಾಯಿ ಅರೆದು, ಘಮಘಮ ಸಾರು ಮಾಡಿ ನಮ್ಮ ಅಜ್ಜಯ್ಯನಿಗೆ ಕೊಡುತ್ತಿದ್ದರು. ಇಡೀ ಕೇರಿಯಲ್ಲಿ ಬಾಯಿಗೆ ಕಂಡರಾಗದ ಒಬ್ಬರೇ ಮನುಷ್ಯ ಅಜ್ಜಯ್ಯ.

“ಹ್ವಾಯ್, ತಕಣಿ. ಬೇಕಾದವರಿಗ್ ಕೊಡುಕೆ ಎಂತ ಕಷ್ಟ? ಕಂಡ್ರ್ ಆಗ್ದಿದ್ದವರಿಗ್ ಕೊಟ್ರೇ ದಾನ,” ಎಂದು ಬಾಯಿ ಪಾತ್ರೆ ಮುಂದೆ ಹಿಡಿಯುತ್ತಿದ್ದರು.

ಯುದ್ಧದ ಕಾಲ, ರೇಷನ್ ಅಕ್ಕಿಯಲ್ಲಿ ಕಲ್ಲೇ ಹೆಚ್ಚು. ಆ ಅನ್ನ ಗಂಟಲಲ್ಲಿ ಇಳಿಯಬೇಕಾದರೆ ಬಾಯಿಯ ಸಾರೇ ಬೇಕು. ಹಾಗಾಗಿ ಅಜ್ಜಯ್ಯ ಜಗಳವನ್ನು ಬಹಳ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದರು. ತಪಸ್ಸುಕಾಲ ಹತ್ತಿರವಾಯಿತೆಂದರೆ ನಮ್ಮ ಕರು ತಪ್ಪದೆ ಹಗ್ಗ ಬಿಚ್ಚಿಕೊಂಡು ಬಾಯಿಯ ಹರಿವೆ ಸೊಪ್ಪಿನ ಸಾಲಿಗೆ ನುಗ್ಗುತ್ತಿತ್ತು. ಕರುವಿಗೆ ಗಂಟು ಬಿಚ್ಚಲು ಕಲಿಸಿದವರು ಯಾರೋ, ದೇವರೇ ಬಲ್ಲ.

ಒಂದು ವರ್ಷ ಅಜ್ಜಯ್ಯ ಮಲೇರಿಯಾ ಬಂದು ಮಲಗಿದರು. ಬಾಯಿ ದಿನವೂ ಕಷಾಯ ಕಾಯಿಸಿ ತಂದು ಕುಡಿಸಿದರು. ಎದ್ದು ಕೂತ ಅಜ್ಜಯ್ಯ ಬುದ್ಧಿಯಿಲ್ಲದೆ ಕೈಮುಗಿದು, “ನಿಮ್ಮಿಂದ ಬದ್ಕಿದೆ,” ಎಂದುಬಿಟ್ಟರು. ಅಷ್ಟೇ. ಆ ತಪಸ್ಸುಕಾಲದಲ್ಲಿ ಸಾರಿನ ಪಾತ್ರೆ ನಮ್ಮ ಮನೆ ದಾಟಿ, ಹೊಸದಾಗಿ ಬಾಯಿಯ ರವಿಕೆ ಕೆಡಿಸಿದ್ದ ಎದುರಿನ ದರ್ಜಿಯ ಮನೆಗೆ ಹೊರಟಿತು. ಕೈ ತೊಳೆದು ಕೂತಿದ್ದ ಅಜ್ಜಯ್ಯ ಜಗಲಿಯಿಂದಲೇ ಕೇಳಿದರು:

“ನಂಗಿಲ್ಯಾ?”

“ನಿಮ್ಮ್ ಮೇಲೆ ಸಿಟ್ಟೇ ಬತ್ತಿಲ್ಲ ಈಗ. ಕೊಟ್ರೆ ದಾನ ಹ್ಯಾಂಗ್ ಆತ್ತ್?”

ಸಂಜೆಯೊಳಗೆ ಕರು ಹರಿವೆ ಸಾಲನ್ನು ನುಣ್ಣಗೆ ಬೋಳಿಸಿತ್ತು. ಬಾಯಿ ಬೇಲಿಗೆ ಬಂದು ಕೇರಿಯೆಲ್ಲ ಕೇಳುವಂತೆ ಅಜ್ಜಯ್ಯನ ಜನ್ಮ ಜಾಲಾಡಿದರು. ಅಜ್ಜಯ್ಯ ತಲೆ ತಗ್ಗಿಸಿ ನಿಂತಿದ್ದರು. ಮುಖದಲ್ಲಿ ಮಾತ್ರ ಸಂತೋಷ ತಡೆಯಲಾಗುತ್ತಿರಲಿಲ್ಲ. ಮರುದಿನ ಸಾರು ಬಂತು.

ಬಾಯಿಯ ಕೊನೆಯ ತಪಸ್ಸುಕಾಲಕ್ಕೆ ಅವರೇ ಹಾಸಿಗೆ ಹಿಡಿದಿದ್ದರು. ಅಜ್ಜಯ್ಯ ತಾವೇ ಗಂಜಿ ಬೇಯಿಸಿ ಕೊಂಡುಹೋದರು. ನಾನೂ ಜೊತೆಗಿದ್ದೆ.

“ಇದೆಂತಕೆ? ನನ್ ಮೇಲೆ ಸಿಟ್ಟಾ?” ಎಂದು ಬಾಯಿ ಕೇಳಿದರು.

“ಸಿಟ್ಟ್ ಬಾರ್ದೆ? ನಮ್ಮನ್ನೆಲ್ಲ ಬಿಟ್ಟಿಕ್ ಹೋಪುಕ್ ಹೊರ್ಟಿದ್ರಿ ಅಲ್ದಾ.”

ಬಾಯಿ ನಕ್ಕು ಗಂಜಿ ಪೂರ್ತಿ ಕುಡಿದರು. ಈಸ್ಟರಿಗೆ ಮೊದಲೇ ಹೋಗಿಬಿಟ್ಟರು. ಅಜ್ಜಯ್ಯನ ಸಿಟ್ಟು ಮಾತ್ರ ಸಾಯುವವರೆಗೂ ಇಳಿಯಲಿಲ್ಲ.